ಜಪಾನಿನ ಕಾರಿಗೆ ಜೀಪಿನ ಟರ್ಬೋ

ಸ್ಪ್ಯಾನರ್ ಕೆಳಗಿಟ್ಟ ಮೇಲೂ ನನ್ನ ಹತ್ತಿರ ಬಂದು ಕೂರುವ ಹೊಸಬರು ಕಮ್ಮಿಯಾಗಿಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಈಗ ತೆಂಗಿನ ಗರಿ, ಹಳೆ ಟೈರು ತುಂಬಿವೆ. ಆದರೂ ಗ್ಯಾರೇಜಿನ ಕೆಲಸಕ್ಕೆ ಆಗತಾನೆ ಕೈ ಹಾಕಿದ ಹುಡುಗರು, ಈಚೆಗೆ ಒಬ್ಬಿಬ್ಬರು ಹುಡುಗಿಯರೂ, ಗೇಟು ತೆಗೆದು ಬಂದು ಕೇಳುತ್ತಾರೆ: "ನಂಜುಂಡಣ್ಣ, ಟರ್ಬೋ ಕಾರಿಗೆ ಮನೇಲೇ ಪವರ್ ಏರಿಸ್ಬೋದಾ?" ಏರಿಸಬಹುದು. ನಾನು ಏರಿಸಿದ್ದೇನೆ. ಏರಿಸಿದ ಮೇಲೆ ಏನಾಗುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಹಾಗಾಗಿ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಟರ್ಬೋ ಅಂದರೆ ಏನೆಂದು ನನಗೆ ಮೊದಲು ಅರ್ಥ ಮಾಡಿಸಿದವಳು ನಮ್ಮಜ್ಜಿ, ಅವಳಿಗೇ ಗೊತ್ತಿಲ್ಲದೆ. ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತಾಗ ಹೇಳುತ್ತಿದ್ದಳು: "ಸೌದೆ ಇದ್ರೆ ಊದು ಮಗ. ಸೌದೆ ಇಲ್ದೆ ಊದಿದ್ರೆ ಬೂದಿ ಬಂದು ಕಣ್ಣಿಗೆ ಬೀಳ್ತದೆ." ಇಂಜಿನ್ನೂ ಒಂದು ಒಲೆ. ಅದು ಬಿಡುವ ಹೊಗೆಯ ರಭಸಕ್ಕೆ ಒಂದು ಕಡ್ಡಿಯ ತುದಿಯಲ್ಲಿರುವ ಪುಟ್ಟ ಚಕ್ರ ತಿರುಗುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಗಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿನೊಳಕ್ಕೆ ಊದುತ್ತದೆ. ಹೆಚ್ಚು ಗಾಳಿ, ಅದಕ್ಕೆ ತಕ್ಕ ಪೆಟ್ರೋಲು, ಹೆಚ್ಚು ಬಲ. ಗಾಳಿ ಹೆಚ್ಚಿಸಿ ಪೆಟ್ರೋಲು ಹೆಚ್ಚಿಸದೆ ಹೋದರೆ ಅಜ್ಜಿ ಹೇಳಿದ ಹಾಗೇ ಆಗುತ್ತದೆ. ಇಲ್ಲಿ ಕಣ್ಣಿಗೆ ಬೀಳುವುದು ಪಿಸ್ಟನ್ನಿನ ಚೂರು.

ಕೈಹಿಡಿದು ಕಲಿಸಿದವರು ಬಾಷಾ ಸಾಹೇಬರು. ತೊಂಬತ್ತರ ದಶಕದಲ್ಲಿ ಲಾರಿಗೂ ಜೀಪಿಗೂ ಟರ್ಬೋ ಆಗತಾನೆ ಬರತೊಡಗಿದಾಗ, ಅದನ್ನು ಬಿಚ್ಚುವ ಧೈರ್ಯವಿದ್ದ ಕೆಲವೇ ಮೇಸ್ತ್ರಿಗಳಲ್ಲಿ ಅವರೊಬ್ಬರು. ಅವರ ಗ್ಯಾರೇಜಿನ ಗೋಡೆಯಲ್ಲಿ ನೆತ್ತಿಗೆ ತೂತು ಬಿದ್ದ ಒಂದು ಪಿಸ್ಟನ್ ಇತ್ತು. ಪೆಟ್ರೋಲ್ ಕಾರೊಂದಕ್ಕೆ ಟರ್ಬೋ ಹಾಕಿ, ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ ಮಾಡಿ ಅವರೇ ಕರಗಿಸಿದ್ದು. ಎಸೆಯಲಿಲ್ಲ. ಪ್ರತಿ ಶುಕ್ರವಾರ ಆ ತೂತಿಗೆ ಊದುಬತ್ತಿ ಸಿಕ್ಕಿಸುತ್ತಿದ್ದರು. ಯಾರಾದರೂ ಗಿರಾಕಿ, "ಸಾಹೇಬ್ರೇ, ಇನ್ನೊಂಚೂರು ಸ್ಪೀಡ್ ಮಾಡ್ಕೊಡಿ" ಅಂದರೆ ಮಾತಾಡದೆ ಆ ಗೋಡೆಯ ಕಡೆ ಕೈ ತೋರಿಸುತ್ತಿದ್ದರು.

ಒಬ್ಬ ಯಜಮಾನರ ಕಥೆ ಹೇಳುತ್ತೇನೆ. ಕಲ್ಯಾಣ ಮಂಟಪ ನಡೆಸುತ್ತಿದ್ದವರು, ಹೊಸ ಟರ್ಬೋ ಜೀಪು. ಮನೆ ಮುಂದೆ ಬಂದು ನಿಂತ ಕೂಡಲೇ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ತುಳಿದು, ಬೀದಿಗೆಲ್ಲ ತಾವು ಬಂದದ್ದು ತಿಳಿಸಿ, ತಟ್ಟನೆ ಕೀ ತೆಗೆಯುವುದು ಅವರ ಠೀವಿ. ಟರ್ಬೋ ಕೆಟ್ಟಿತು. ಹೊಸದು ಹಾಕಿದೆವು. ಅದೂ ಕೆಟ್ಟಿತು. ಕಂಪನಿಯದೇ ದೋಷ ಎಂದು ಅವರು ಕೂಗಾಡುತ್ತಿದ್ದರು. ಸಾಹೇಬರು ಒಂದು ಸಂಜೆ ಅವರ ಮನೆಯ ಎದುರಿಗಿನ ಅಂಗಡಿ ಕಟ್ಟೆಯ ಮೇಲೆ ಸುಮ್ಮನೆ ಕೂತು ಜೀಪು ಬರುವುದನ್ನು ನೋಡಿಕೊಂಡು ಬಂದರು. ಮಾರನೆಯ ದಿನ ಯಜಮಾನರಿಗೆ ಹೇಳಿದರು:

"ಸ್ವಾಮಿ, ನೀವು ಎಲೆಅಡಿಕೆ ಹಾಕ್ತೀರಲ್ಲ?"

"ಹಾಕ್ತೀನಿ. ಅದಕ್ಕೂ ಟರ್ಬೋಗೂ ಏನ್ರೀ ಸಂಬಂಧ?"

"ಇನ್ಮೇಲೆ ಗಾಡಿ ನಿಲ್ಸಿದ್ಮೇಲೆ ಇಂಜಿನ್ ಆಫ್ ಮಾಡ್ಬೇಡಿ. ಅಂಗೇ ಕೂತ್ಕೊಂಡು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಚಿ ಬಾಯಿಗೆ ಹಾಕ್ಕೊಳ್ಳಿ. ಆಮೇಲೆ ಕೀ ತೆಗೀರಿ."

ಅಷ್ಟೇ ಚಿಕಿತ್ಸೆ. ಮೂರನೆಯ ಟರ್ಬೋ ಕೆಡಲಿಲ್ಲ. ವಿಷಯ ಇಷ್ಟೇ: ಟರ್ಬೋದ ಕಡ್ಡಿ ಕೆಂಡದಂತೆ ಕಾದಿರುತ್ತದೆ, ಅದರ ಸುತ್ತ ಎಣ್ಣೆ ಹರಿಯುತ್ತಿದ್ದರೆ ಮಾತ್ರ ಬದುಕುತ್ತದೆ. ಇಂಜಿನ್ ನಿಂತರೆ ಎಣ್ಣೆಯೂ ನಿಂತು, ಬಾಣಲೆ ತಳಕ್ಕೆ ಹತ್ತಿದ ಹಾಗೆ ಸೀದುಹೋಗುತ್ತದೆ. ನಮ್ಮ ಮನೆತನದ್ದು ಗಾಣದ ಕಸುಬು. ಎಣ್ಣೆ ಸೀದ ವಾಸನೆ ನನಗೆ ಬೇಗ ತಿಳಿಯುತ್ತಿತ್ತು ಎಂಬುದೊಂದೇ ಕಾರಣಕ್ಕೆ ಸಾಹೇಬರು ನನ್ನನ್ನು ಟರ್ಬೋ ಕೆಲಸಕ್ಕೆ ಹಾಕಿದರು.

ಮುಂದೆ ನಾನು ಮನೆಯ ಹಿಂದೆ ಸ್ವಂತ ಶೆಡ್ಡು ಹಾಕಿಕೊಂಡಾಗ ನನ್ನ ಬಳಿ ಇದ್ದ ದೊಡ್ಡ ಉಪಕರಣ ಒಂದು ತಾಮ್ರದ ಕೊಳವೆ. ಅದರ ಒಂದು ತುದಿಯನ್ನು ಚಪ್ಪಟೆ ಮಾಡಿ ಇಂಜಿನ್ನಿನ ಮೈಗೆ ಬೋಲ್ಟಿನಿಂದ ಬಿಗಿಯುವುದು. ಇನ್ನೊಂದು ತುದಿಗೆ ರಬ್ಬರ್ ಪೈಪು, ಪೈಪಿನ ಕೊನೆಗೆ ಹಳೆಯ ಸ್ಟೆತಸ್ಕೋಪು. ಕಾರು ಓಡುವಾಗ ಅದನ್ನು ಕಿವಿಗೆ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಒತ್ತಡ ಅತಿಯಾದರೆ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯುತ್ತದೆ; ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಎನ್ನುತ್ತದೆ. ಆ ಸದ್ದು ಬಂತೋ, ಕಾಲು ತೆಗೆಯಬೇಕು. ಈಗ ಲ್ಯಾಪ್‌ಟಾಪ್ ಜೋಡಿಸಿದರೆ ಇದೆಲ್ಲ ಪರದೆಯ ಮೇಲೆ ಮೂಡುತ್ತದಂತೆ. ಒಳ್ಳೆಯದೇ. ಹಳೆಯದೇ ಚೆನ್ನ ಎಂದು ಹಠ ಹಿಡಿಯುವವನು ನಾನಲ್ಲ. ಅದು ನನ್ನ ಕಾಲಕ್ಕೆ ಸಿಕ್ಕಿದ್ದರೆ ನನ್ನ ಎಡಗಿವಿ ಇವತ್ತು ಇನ್ನಷ್ಟು ಚೆನ್ನಾಗಿ ಕೇಳುತ್ತಿತ್ತು.

ಇನ್ನು ಸುಮಿತ್ರಮ್ಮನ ಕಾರಿಗೆ ಬರುತ್ತೇನೆ. ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾಗಿದ್ದವು. ಸುಮಿತ್ರಮ್ಮ ಜಯಲಕ್ಷ್ಮಿಪುರಂನಲ್ಲಿ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಾಕೆ. ಅವರ ಸೋದರಮಾವ ಹೊರದೇಶದ ಕೆಲಸ ಮುಗಿಸಿ ಬರುವಾಗ ಸಾಮಾನಿನ ಜೊತೆ ಒಂದು ಜಪಾನಿನ ಟರ್ಬೋ ಕಾರು ತಂದಿದ್ದರು. ನೋಡಲು ಮೊಲದ ಮರಿ, ಗಿಡ್ಡ ಹಿಂಭಾಗ, ಎರಡೇ ಬಾಗಿಲು. ಮಾವನಿಗೆ ಮಂಡಿ ನೋವು ಶುರುವಾಗಿ ಅದರೊಳಗೆ ಹತ್ತಿ ಇಳಿಯಲಾರದೆ ಸೊಸೆಗೆ ಕೊಟ್ಟುಬಿಟ್ಟರು.

ಸೊಸೆ ಅದನ್ನು ನನ್ನ ಶೆಡ್ಡಿಗೆ ತಂದು ನಿಲ್ಲಿಸಿ, "ನಂಜುಂಡಣ್ಣ, ಇದನ್ನ ನಾಲ್ಕು ಜನ ತಿರುಗಿ ನೋಡೋ ಹಾಗೆ ಮಾಡ್ಬೇಕು" ಅಂದರು.

"ಬಣ್ಣ ಹೊಡೆಸ್ಬೇಕಾ ತಾಯಿ?"

"ತಮಾಷೆ ಬೇಡ ಕಣ್ರೀ. ಒಬ್ರು ತಿರುಗಿ ನೋಡಿದ್ರೆ ಸಾಕು."

ಆ ಒಬ್ಬರು ಪೂವಯ್ಯ. ಕೊಡಗಿನವರು, ಬೆಂಗಳೂರಿನ ಒಂದು ರ‍್ಯಾಲಿ ತಂಡದ ಮ್ಯಾನೇಜರು. ದೀಪಾವಳಿ ಕಳೆದ ಮೇಲೆ ನಮ್ಮ ಊರಾಚೆಯ ಖಾಸಗಿ ಜಮೀನಿನಲ್ಲಿ ಒಂದು ಸ್ಪರ್ಧೆ ಇತ್ತು. ಅಂಕುಡೊಂಕಾದ ದಾರಿ, ಒಬ್ಬೊಬ್ಬರಿಗೂ ಎರಡು ಓಟ, ಎರಡರ ಹೊತ್ತನ್ನೂ ಕೂಡಿಸಿ ಲೆಕ್ಕ. ಒಂದು ಓಟ ಪೂರೈಸದಿದ್ದರೂ ಆಟದಿಂದ ಹೊರಗೆ. ಪೂವಯ್ಯ ಅಲ್ಲಿಗೆ ಬಂದು ತಮ್ಮ ತಂಡಕ್ಕೆ ಒಬ್ಬ ಚಾಲಕರನ್ನು ಆರಿಸುವವರಿದ್ದರು.

"ನನಗೆ ಮೂವತ್ತೈದು ದಾಟಿದೆ ನಂಜುಂಡಣ್ಣ," ಅಂದರು ಸುಮಿತ್ರಮ್ಮ. "ಬೆಳಗ್ಗೆಯಿಂದ ಸಂಜೆವರೆಗೆ 'ಕ್ಲಚ್ ಒತ್ತಿ, ಕ್ಲಚ್ ಬಿಡಿ' ಅಂತಿರ್ತೀನಿ. ಇದೊಂದ್ಸಲ ಬಿಟ್ರೆ ಇನ್ಯಾರೂ ಬಂದು ನನ್ನ ನೋಡಲ್ಲ."

ಅದಾದ ಮೇಲೆ ನಾನು ತಮಾಷೆ ಮಾಡಲಿಲ್ಲ.

ಮೊದಲು ಉಸಿರಿನ ದಾರಿ ಬಿಡಿಸಿದೆ. ಪೆಟ್ಟಿಗೆಯೊಳಗಿದ್ದ ಏರ್ ಫಿಲ್ಟರು ತೆಗೆದು, ತೊಳೆದು ಮತ್ತೆ ಹಾಕಬಹುದಾದ ದೊಡ್ಡ ಫಿಲ್ಟರು ಕೂರಿಸಿದೆ. ಸೈಲೆನ್ಸರಿನ ಪೈಪು ಅಗಲ ಮಾಡಿದೆ. ಊದಿದ ಗಾಳಿ ಕಾಯುತ್ತದಲ್ಲ, ಅದನ್ನು ತಣಿಸುವ ಇಂಟರ್‌ಕೂಲರನ್ನು ಮುಂದಿನ ಬಂಪರಿನ ಹಿಂದೆ, ಗಾಳಿ ಬಡಿಯುವ ಕಡೆ ಇಟ್ಟೆ. ಪೆಟ್ರೋಲಿನ ಒತ್ತಡ ಹೆಚ್ಚಿಸಿದೆ. ಕೊನೆಗೆ ಟರ್ಬೋದ ಒತ್ತಡ ಏರಿಸಿ ಇಳಿಸಲು ಬಾನೆಟ್ಟಿನ ಕೆಳಗೆ ಒಂದು ಚಿಕ್ಕ ಸ್ಕ್ರೂ. ಜಗಳ ಶುರುವಾದದ್ದು ಆ ಸ್ಕ್ರೂವಿನಿಂದ.

"ಇನ್ನೊಂಚೂರು ಏರಿಸಿ."

"ಸಾಕು ಕಣಮ್ಮ. ಈ ಇಂಜಿನ್ ಹೋದ್ರೆ ಇಂಡಿಯಾದಲ್ಲಿ ಇನ್ನೊಂದಿಲ್ಲ."

"ಎಲ್ಲಾರ ಮನೆ ಗಂಡಸ್ರೂ ಹೆಂಗಸ್ರಿಗೆ ನಿಧಾನ ನಿಧಾನ ಅಂತಾರೆ. ನೀವೂ ಅದೇ ಗುಂಪಾ?"

"ನಾನು ಇಂಜಿನ್ ಗುಂಪು."

ಹೀಗೆ ಎಳೆದಾಡುತ್ತ ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಸ್ಪ್ಯಾನರಿನಿಂದ ಹಿಡಿದು ಜಾಕಿನವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ. ರಿಪೇರಿಗೆ ಬಂದು ನಿಂತಿರುವ ಗಾಡಿಗಳಿಗೂ ಪೂಜೆಯಾಗಲೇಬೇಕು. ಹಿಂದಿನ ದಿನ ನಾನು ಆ ಹೊಸ ಫಿಲ್ಟರನ್ನು ತೊಳೆದು ಒಣಗಲು ಹಾಕಿ, ಕಸ ಬೀಳದಿರಲಿ ಎಂದು ತೆರೆದ ಪೈಪಿನ ಬಾಯಿಗೆ ಒಂದು ಬಟ್ಟೆ ತುರುಕಿದ್ದೆ. ಕಣ್ಣಿಗೆ ಬಿದ್ದರೆ ಯಾರೂ ಇಂಜಿನ್ ಶುರು ಮಾಡುವುದಿಲ್ಲ ಎಂಬುದೂ ಅದರ ಉದ್ದೇಶ. ನಮ್ಮಮ್ಮನ ಕಣ್ಣಿಗೆ ಬಿದ್ದದ್ದು ಎಣ್ಣೆ ಜಿಡ್ಡಿನ ಮಾಸಿದ ಬಟ್ಟೆ. ಪೂಜೆಗೆ ಅಂಥದ್ದು ಇರಬಹುದೇ? ತೆಗೆದು ಎಸೆದು, ಬಾಯ್ತೆರೆದ ಪೈಪು ಹೂದಾನಿಯ ಹಾಗೆ ಕಂಡದ್ದರಿಂದ ಸೇವಂತಿಗೆ ಹಾರದ ತುದಿಯನ್ನು ಅದರೊಳಗೆ ಚೆಂದವಾಗಿ ಸಿಕ್ಕಿಸಿದ್ದಳು. ಮಾರ್ಕೆಟ್ಟಿನ ಹಾರ, ಜರಿ ಕುಚ್ಚಿಗೆ ತಂತಿ ಬಿಗಿದಿತ್ತು.

ನಾನು ಅಂಗಳದಲ್ಲಿ ಬೂದುಗುಂಬಳ ಹಿಡಿದು ನಿಂತಿದ್ದೆ. ಸುಮಿತ್ರಮ್ಮ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಒಳಗೆ ಕೂತರು. ಅಮ್ಮ ಬಾನೆಟ್ ಇಳಿಸಿ ಮಂಗಳಾರತಿ ಎತ್ತಿ, "ಒಂದ್ಸಲ ಜೋರಾಗಿ ಒತ್ತವ್ವಾ, ತಾಯಿ ಚಾಮುಂಡಿಗೆ ಕೇಳ್ಲಿ" ಅಂದಳು. ಒತ್ತಿದರು. ಸೀಟಿ ಊದಿದ ಹಾಗೆ ಏರಿದ ಸದ್ದು ಕರಕರ ಎಂದು ನಿಂತಿತು. ಸೈಲೆನ್ಸರಿನಿಂದ ನೀಲಿ ಹೊಗೆ.

ಬಿಚ್ಚಿ ನೋಡಿದರೆ ಗಾಳಿಚಕ್ರದ ರೆಕ್ಕೆಗಳು ಇಲಿ ಕಡಿದ ಹಪ್ಪಳದಂತೆ. ಕಡ್ಡಿಗೆ ತಂತಿ ಸುತ್ತಿ, ಅದರ ಸುತ್ತ ಅರೆದ ಸೇವಂತಿಗೆ. ತಂತಿಯ ಕೊನೆ ಇನ್ನೂ ಪೈಪಿನಲ್ಲೇ ಸಿಕ್ಕಿಕೊಂಡಿತ್ತು. ಇಂಜಿನ್ನಿನೊಳಗೆ ಏನೂ ಇಳಿದಿರಲಿಲ್ಲ ಎಂಬುದೊಂದೇ ಸಮಾಧಾನ. ಅಮ್ಮ ಬಾಗಿಲ ಬಳಿ ಕೂತುಬಿಟ್ಟಳು.

"ದೇವ್ರ ಕೆಲ್ಸ ಮಾಡಕ್ಕೋಗಿ ಆ ಹೆಣ್ಮಗೀನ ಹೊಟ್ಟೆ ಮೇಲೆ ಹೊಡೆದ್ಬುಟ್ನಲ್ಲೋ ಮಗ."

ಸುಮಿತ್ರಮ್ಮನ ಮುಖ ಬಿಳಿಚಿಕೊಂಡಿತ್ತು. ಆದರೂ ಹೋಗಿ ಅಮ್ಮನ ಪಕ್ಕ ಕೂತರು. "ಬುಡಿ ಅಜ್ಜಿ. ನೀವು ಹೂ ಮುಡಿಸಿದ್ರಿ, ಅದು ತಿಂದ್ಬುಡ್ತು. ಹೊಟ್ಟೆಬಾಕ ಕಾರು." ಆಮೇಲೆ ನನ್ನ ಕಡೆ ತಿರುಗಿ, ಬೇರೆ ದನಿಯಲ್ಲಿ, "ಮುಗೀತಾ ನಂಜುಂಡಣ್ಣ?" ಎಂದು ಕೇಳಿದರು.

ಅಂಥ ಟರ್ಬೋ ಜಪಾನಿನಿಂದ ಬರುವ ಹೊತ್ತಿಗೆ ಸ್ಪರ್ಧೆ ಮುಗಿದಿರುತ್ತಿತ್ತು. ಮಾರನೆಯ ದಿನ ವಿಜಯದಶಮಿ. ಊರೆಲ್ಲ ಜಂಬೂಸವಾರಿ ನೋಡಲು ಹೊರಟಿದ್ದರೆ ನಾನು ಬಾಷಾ ಸಾಹೇಬರ ಮನೆಗೆ ಹೊರಟೆ. ಅವರಿಗೆ ಆಗಲೇ ವಯಸ್ಸಾಗಿ ಗ್ಯಾರೇಜು ಬಿಟ್ಟಿದ್ದರು. ಮುರಿದ ಚಕ್ರ ಕೈಗೆ ತೆಗೆದುಕೊಂಡು, ಮೂಸಿ, "ಹೂವಿನ ವಾಸನೆ ಬರೋ ಟರ್ಬೋ ಇದೇ ಮೊದಲು ನೋಡ್ತಿರೋದು" ಎಂದು ಕೆಮ್ಮು ಬರುವಷ್ಟು ನಕ್ಕರು. ನಕ್ಕಾದ ಮೇಲೆ ಗುಜರಿಯವನೊಬ್ಬನ ಹೆಸರು ಹೇಳಿದರು. ಅವನ ಹತ್ತಿರ ಬಿದ್ದು ನಜ್ಜುಗುಜ್ಜಾದ ಡೀಸೆಲ್ ಜೀಪೊಂದಿದೆ, ಅದರ ಟರ್ಬೋ ಮಾತ್ರ ಚೆನ್ನಾಗಿದೆ ಎಂದರು.

"ಜೀಪಿಂದಾ? ಈ ಕಾರಿಗಾ?"

"ಯಾಕೆ, ಗಾಳಿ ಊದಕ್ಕೆ ಜಾತಿ ಉಂಟಾ? ಆದ್ರೆ ನಂಜುಂಡ, ನೆನಪಿಟ್ಕೋ. ಇದು ಡೀಸೆಲ್ ಹೊಗೇಲಿ ಹುಟ್ಟಿ ಬೆಳೆದಿದ್ದು. ಪೆಟ್ರೋಲ್ ಹೊಗೆ ಅದಕ್ಕಿಂತ ಬಿಸಿ. ಹೊಸ ಸೊಸೆ ತರ, ಮೊದಮೊದಲು ನಿಧಾನಕ್ಕೆ ನಡೆಸ್ಕೋಬೇಕು. ಇನ್ನೊಂದು, ಇದು ದೊಡ್ಡದು. ಎದ್ದೇಳೋದು ತಡ. ಎದ್ರೆ ಮಾತ್ರ ಹಿಡಿಯೋದು ಕಷ್ಟ."

ಜೀಪಿನ ಟರ್ಬೋ ಕಾರಿನ ಇಂಜಿನ್ನಿಗೆ ಹೊಂದಲು ನಡುವೆ ಒಂದು ದಪ್ಪ ಉಕ್ಕಿನ ತಟ್ಟೆ ಬೇಕಿತ್ತು. ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು ನಮ್ಮೂರ ಹೆಬ್ಬಾಳದ ಲೇತ್ ಅಂಗಡಿಯೊಂದರಲ್ಲಿ ಮಾಡಿಸಿದೆ. ಎಣ್ಣೆ ಬರುವ ದಾರಿ, ಹೋಗುವ ದಾರಿ ಹೊಸದಾಗಿ ಎಳೆದೆ. ಹೊಸಬರೇ, ಇಲ್ಲಿ ಕಿವಿ ಕೊಡಿ: ಎಣ್ಣೆ ವಾಪಸು ಹೋಗುವ ಪೈಪು ಅಗಲವಾಗಿ, ನೇರ ಕೆಳಮುಖವಾಗಿ ಇರಲಿ. ನಡುವೆ ಡೊಂಕು ಬಂದರೆ ಎಣ್ಣೆ ನಿಂತು, ಎಷ್ಟು ಒಳ್ಳೆ ಟರ್ಬೋ ಆದರೂ ಹೊಗೆ ಕಾರುತ್ತದೆ.

ಮನೆಗಳು ಇನ್ನೂ ಏಳದ ಹೊಸ ಬಡಾವಣೆಯೊಂದರ ಮಾಲೀಕರು ತಮ್ಮ ಖಾಲಿ ರಸ್ತೆಗಳಲ್ಲಿ ಓಡಿಸಿ ನೋಡಲು ಬಿಟ್ಟರು. ಸುಮಿತ್ರಮ್ಮ ಸ್ಟಿಯರಿಂಗಿನಲ್ಲಿ, ಕಿವಿಗೆ ಸ್ಟೆತಸ್ಕೋಪು ಹಾಕಿಕೊಂಡು ನಾನು ಪಕ್ಕದಲ್ಲಿ, ಕಣ್ಣು ಒತ್ತಡದ ಮುಳ್ಳಿನ ಮೇಲೆ. ಸಾಹೇಬರು ಹೇಳಿದ್ದು ಅಕ್ಷರಶಃ ನಿಜ. ತಿರುವು ಮುಗಿದು ಕಾಲು ಒತ್ತಿದರೆ ಕಾರು ಯೋಚನೆ ಮಾಡುತ್ತ ಕೂರುತ್ತಿತ್ತು. ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಹಾರುತ್ತಿತ್ತು. ನೇರ ದಾರಿಯಲ್ಲಿ ಹಿಂದೆಂದೂ ಇಲ್ಲದ ಬಲ, ತಿರುವಿನಲ್ಲಿ ಎಮ್ಮೆ.

"ಇದೇನ್ರೀ, ಕೂಗಿದ್ರೆ ನಾಳೆ ಓ ಅನ್ನುತ್ತೆ!"

ಅದಕ್ಕೆ ಮದ್ದು ಸಿಕ್ಕಿದ್ದು ಅವರ ಕಾಲಲ್ಲೇ. ಕಲಿಸುವ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಅವರ ಹಳೆ ಕಾರಿನಲ್ಲಿ ಅದು ಎಡಕ್ಕೆ ಒತ್ತಿಕೊಂಡು ಕೂತಿತ್ತು. ಹಾಗಾಗಿ ವರ್ಷಗಟ್ಟಲೆ ಅವರು ಎಡಗಾಲಿನಲ್ಲೇ ಬ್ರೇಕ್ ಹಿಡಿಯುತ್ತಿದ್ದರು, ಕಲಿಯುವ ಹೆಂಗಸರು ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿಯುತ್ತಿರುವಾಗಲೇ! ಸಾಮಾನ್ಯರ ಎಡಗಾಲಿಗೆ ಕ್ಲಚ್ ಒತ್ತುವ ಒರಟುತನ ಮಾತ್ರ ಗೊತ್ತು. ಸುಮಿತ್ರಮ್ಮನ ಎಡಗಾಲು ವೀಣೆ ಮೀಟುವ ಬೆರಳಿನಂತಿತ್ತು. ತಿರುವಿನಲ್ಲಿ ಬಲಗಾಲು ಎತ್ತದೆ ಎಡಗಾಲಿನಲ್ಲಿ ಬ್ರೇಕ್ ಹಿಡಿದರೆ ಹೊಗೆ ನಿಲ್ಲುವುದಿಲ್ಲ, ಟರ್ಬೋ ಮಲಗುವುದಿಲ್ಲ. ಹೇಳಿಕೊಟ್ಟದ್ದು ನಾನು. ಮೂರನೆಯ ತಿರುವಿಗೆ ಅವರು ನನಗೇ ಕಲಿಸುವಷ್ಟಾದರು. ಕೊನೆಗೆ ಅವರ ಹಠಕ್ಕೆ ಸೋತು, ಸ್ಪರ್ಧೆಗೆಂದು ಆ ಸ್ಕ್ರೂವನ್ನು ಇನ್ನೊಂಚೂರು ಏರಿಸಿಯೂ ಬಿಟ್ಟೆ.

ಸ್ಪರ್ಧೆಯ ದಿನ ಬಿಸಿಲು ಸುಡುತ್ತಿತ್ತು. ಅಲ್ಲಿಗೆ ಬಂದವರಲ್ಲಿ ಕೆಲವರು ಬಾನೆಟ್ಟಿನೊಳಗೆ ಬಗ್ಗಿ, "ಏನ್ರೀ ಇದು, ಮೊಲಕ್ಕೆ ಎತ್ತಿನ ಗಂಟೆ ಕಟ್ಟಿದ್ದೀರಿ?" ಎಂದು ನಕ್ಕರು. ಮೊದಲ ಓಟ ಮುಗಿದಾಗ ನಗು ನಿಂತಿತ್ತು. ಎಲ್ಲರಿಗಿಂತ ಮುಂದೆ ನಮ್ಮ ಕಾರು. ಪೂವಯ್ಯ ಒಂದು ಕಡೆ ಟೋಪಿ ಹಾಕಿಕೊಂಡು ನಿಂತಿದ್ದರು.

ನಾನು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಬಿಳಿಯ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ, ನಡುನಡುವೆ ಬೆಳ್ಳಿಯ ಮಿಂಚು. ಆ ಮಿಂಚು ಪಿಸ್ಟನ್ನಿನ ಅಲ್ಯೂಮಿನಿಯಂ. ಇಂಜಿನ್ ಕರಗಲು ಶುರುವಾಗಿದೆ ಎಂದರ್ಥ. ಪ್ಲಗ್ಗನ್ನು ಸುಮಿತ್ರಮ್ಮನ ಅಂಗೈ ಮೇಲಿಟ್ಟೆ.

"ಇದೇ ಒತ್ತಡದಲ್ಲಿ ಇನ್ನೊಂದು ಓಟ ತಡೆಯುತ್ತೆ ಅಂತ ನಾನು ಹೇಳಲ್ಲ. ತಡೆದ್ರೂ ತಡೀಬೋದು."

"ಇಳಿಸಿದ್ರೆ?"

"ನಾನು ಹೂವಿಗಿಂತ ಮುಂಚೆ ಇಟ್ಟಿದ್ನಲ್ಲ, ಅಲ್ಲಿಗೆ ಬರುತ್ತೆ. ಓಟ ಮುಗಿಸ್ತೀರಿ. ಮೊದಲನೇ ಸ್ಥಾನ ಹೋಗುತ್ತೆ."

ಅವರು ಪೂವಯ್ಯನ ಕಡೆ ನೋಡಿದರು. ಪೂವಯ್ಯನ ಬೆನ್ನ ಹಿಂದೆ, ಮೊದಲ ಓಟದಲ್ಲಿ ನಮಗಿಂತ ಸ್ವಲ್ಪವೇ ಹಿಂದುಳಿದಿದ್ದ ಹುಡುಗನೊಬ್ಬ ಹೆಲ್ಮೆಟ್ ಏರಿಸುತ್ತಿದ್ದ. ಅಷ್ಟು ದಿನ ಏರಿಸಿ ಏರಿಸಿ ಎಂದು ನನ್ನ ಪ್ರಾಣ ತಿಂದಾಕೆ ಪ್ಲಗ್ಗನ್ನು ಬೆರಳಲ್ಲಿ ತಿರುಗಿಸುತ್ತ ನಿಂತರು. ನಾನು ಸ್ಕ್ರೂಡ್ರೈವರ್ ಹಿಡಿದು ಕಾದೆ. ಇದು ಮೇಸ್ತ್ರಿ ತೀರ್ಮಾನಿಸುವ ವಿಷಯವಲ್ಲ. ಓಡಿಸುವವರು ಅವರು, ಸೋಲುವವರೂ ಅವರೇ.

"ಇಳಿಸಿ," ಅಂದರು. "ನಿಂತೋದ ಕಾರ್ ಪಕ್ಕ ನಿಂತ್ಕೊಂಡು ಪೂವಯ್ಯನವರ ಕೈಲಿ 'ಪರವಾಗಿಲ್ಲ ಬಿಡಿ' ಅನ್ನಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಎರಡನೆಯ ಓಟದಲ್ಲಿ ನೇರ ದಾರಿಯಲ್ಲಿ ಕಾರು ಮೊದಲಿನಷ್ಟು ಹಾರಲಿಲ್ಲ. ಆದರೆ ತಿರುವುಗಳನ್ನು ನೋಡಬೇಕಿತ್ತು ನೀವು. ಬೇರೆಯವರು ಬ್ರೇಕ್ ಹಿಡಿದು, ಬಿಟ್ಟು, ಮತ್ತೆ ವೇಗಕ್ಕೆ ಬರುವಷ್ಟರಲ್ಲಿ ಇವರು ಒಂದೇ ಉಸಿರಲ್ಲಿ, ಇಂಜಿನ್ನಿನ ರಾಗ ಎಲ್ಲೂ ತುಂಡಾಗದ ಹಾಗೆ, ಆಚೆ ಬರುತ್ತಿದ್ದರು. ಕೊನೆಯ ತಿರುವಿನಲ್ಲಿ ಪೂವಯ್ಯ ದಾರಿಯಂಚಿಗೆ ಕಟ್ಟಿದ್ದ ಹಗ್ಗದವರೆಗೂ ನಡೆದು ಬಂದು, ಕಾರನ್ನು ಬಿಟ್ಟು, ಇಂಜಿನ್ ಕೂಗುತ್ತಿರುವಾಗಲೇ ಹೊತ್ತಿಕೊಂಡ ಬ್ರೇಕ್ ದೀಪ ನೋಡುತ್ತಿದ್ದುದನ್ನು ನಾನು ಕಂಡೆ.

ಒಟ್ಟು ಲೆಕ್ಕದಲ್ಲಿ ಎರಡನೆಯ ಸ್ಥಾನ. ಆ ಹುಡುಗ ಗೆದ್ದ. ಸುಮಿತ್ರಮ್ಮ ಹೋಗಿ ಅವನ ಕೈ ಕುಲುಕಿದರು. ವಾಪಸು ಬರುವಾಗ ಪೂವಯ್ಯ ಎದುರಾಗಿ, "ಎರಡನೇ ಸಲ ಪವರ್ ಕಮ್ಮಿ ಮಾಡಿದ್ರಿ ಅಲ್ವಾ?" ಎಂದು ಕೇಳಿದರು.

"ಹೌದು ಸಾರ್. ಪ್ಲಗ್ ಚೆನ್ನಾಗಿರ್ಲಿಲ್ಲ."

"ಮೊದಲನೇ ಸಲ ಕಾರು ಓಡ್ತು. ಎರಡನೇ ಸಲ ನೀವು ಓಡ್ಸಿದ್ರಿ. ಸೋಮವಾರ ಬೆಂಗಳೂರಿಗೆ ಬನ್ನಿ ಮೇಡಂ. ಕಾರು ನಮ್ದಿರುತ್ತೆ." ಹೀಗೆ ಹೇಳಿ ಟೋಪಿ ಸರಿ ಮಾಡಿಕೊಂಡು ಹೊರಟೇಹೋದರು.

ಸುಮಿತ್ರಮ್ಮ ಕೀಲಿಯನ್ನು ನನ್ನ ಕಡೆ ಎಸೆದು, "ನೀವೇ ಓಡಿಸಿ. ನನ್ನ ಕೈಲಾಗಲ್ಲ" ಅಂದರು.

ನಂಬುತ್ತೀರೋ ಇಲ್ಲವೋ, ಆ ಕಾರನ್ನು ನಾನು ಶೆಡ್ಡಿನಿಂದ ಬೀದಿಗೆ, ಬೀದಿಯಿಂದ ಶೆಡ್ಡಿಗೆ ಬಿಟ್ಟರೆ ಓಡಿಸಿರಲೇ ಇಲ್ಲ. ನನ್ನ ಜಾಗ ಯಾವಾಗಲೂ ಪಕ್ಕದ ಸೀಟು. ಸಂಜೆಯ ಗಾಳಿ ತಣ್ಣಗಾಗಿತ್ತು. ನಮಗೆ ಬಿಟ್ಟುಕೊಟ್ಟಿದ್ದ ಆ ಖಾಲಿ ಬಡಾವಣೆ ಬಂದಾಗ ಅವರು, "ಒಳಗೆ ತಗೊಳ್ಳಿ. ಒಂದ್ಸಲ ಒತ್ತಿ ನೋಡಿ" ಅಂದರು. ಒತ್ತಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬೆನ್ನು ಸೀಟಿಗೆ ಅಂಟಿ, ರಸ್ತೆಯೆಲ್ಲ ನನ್ನ ಕಡೆಗೇ ಓಡಿ ಬಂದು, ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ "ಶಿವಾ!" ಎಂಬ ಕೂಗು ಹೊರಟಿತು.

ಸುಮಿತ್ರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈಗ ಗೊತ್ತಾಯ್ತಾ, ನಾನ್ಯಾಕೆ ಇನ್ನೊಂಚೂರು ಇನ್ನೊಂಚೂರು ಅಂತಿದ್ದೆ ಅಂತ?"

ರಸ್ತೆಯ ಪಕ್ಕಕ್ಕೆ ಕಾರು ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿದೆ.

ಅವರ ನಗು ಥಟ್ಟನೆ ನಿಂತಿತು. ಗಾಬರಿಯಿಂದ ಇಳಿದು ಓಡಿ ಬಂದರು. "ಏನಾಯ್ತು? ಏನಾದ್ರೂ ಸದ್ದು ಬಂತಾ?"

"ಏನೂ ಇಲ್ಲ ಕಣಮ್ಮ. ಆ ಸ್ಕ್ರೂಡ್ರೈವರ್ ಕೊಡಿ ಇಲ್ಲಿ, ಒಂಚೂರು ಏರಿಸ್ತೀನಿ."